ಲಂಬಾಣಿಗರ ಉಡುಗೆ ಹೇಳುವ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಕಣ್ಣು ಶಿಲಾಶಾಸನಗಳ ಕಡೆಗೂ ತಾಮ್ರಪಟಗಳ ಕಡೆಗೂ ಹೊರಳುವುದು ಸಹಜ. ನಮ್ಮ ಸೀಮೆಯಲ್ಲಿ ಅವುಗಳಿಗೆ ಕೊರತೆಯೂ ಇಲ್ಲ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಬಳಿ ನಿಂತರೆ ರಾಷ್ಟ್ರಕೂಟ, ಚಾಳುಕ್ಯರ ಕಾಲದ ಅಕ್ಷರಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಹಡಗಲಿ ತಾಲೂಕಿನ ಕುರುವತ್ತಿಯ ಕಂಬಗಳು ಆ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಸಾಕ್ಷಿ ಹೇಳುತ್ತವೆ. ಆದರೆ ಲಿಪಿಯೇ ಇಲ್ಲದ ಜನ, ಕಲ್ಲಿನ ಗುಡಿ ಕಟ್ಟಿಸುವಷ್ಟು ಕಾಲ ಒಂದೆಡೆ ನೆಲೆ ನಿಲ್ಲದ ಜನ, ತಮ್ಮ ಇತಿಹಾಸವನ್ನು ಎಲ್ಲಿ ಬರೆದಿಡಬೇಕು? ಅಂಥ ಜನರಲ್ಲಿ ಲಂಬಾಣಿಗರು ಒಬ್ಬರು. ಅವರ ಇತಿಹಾಸದ ಬಹುಭಾಗ ಅವರ ಹೆಣ್ಣುಮಕ್ಕಳ ಮೈಮೇಲಿನ ಬಟ್ಟೆಯಲ್ಲಿದೆ. ಈ ಮಾತು ಅತಿಶಯೋಕ್ತಿಯಲ್ಲವೆಂಬುದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಈ ಐದೂ ತಾಲೂಕುಗಳಲ್ಲಿ ಲಂಬಾಣಿ ತಾಂಡಾಗಳು ಹರಡಿಕೊಂಡಿವೆ. ಚಿಗಟೇರಿಯ ನಾರದಮುನಿಯ ಸನ್ನಿಧಿಗೋ ಕೊಟ್ಟೂರಿನ ಬಸವೇಶ್ವರನ ತೇರಿಗೋ ಹೋಗಿಬಂದ ಹಿರಿಯರನ್ನು ಕೇಳಿ ನೋಡಿ. ಕೆಂಪು ಲಂಗ, ಕನ್ನಡಿ ಹೊಳೆಯುವ ಕುಪ್ಪಸ, ಕೆನ್ನೆಯ ಮೇಲೆ ತೂಗುವ ಬೆಳ್ಳಿಯ ಗೊಂಚಲು, ಮುಂಗೈಯಿಂದ ತೋಳಿನವರೆಗೆ ಬಿಳಿಯ ಬಳೆ: ಹೀಗೆ ಗುಂಪಾಗಿ ಬರುತ್ತಿದ್ದ ಹೆಂಗಸರ ಚಿತ್ರ ಅವರ ನೆನಪಿನಲ್ಲಿ ಅಚ್ಚೊತ್ತಿ ನಿಂತಿರುತ್ತದೆ. ದೂರದಿಂದಲೇ 'ಲಂಬಾಣಿಗರು ಬಂದರು' ಎಂದು ಗುರುತಿಸುತ್ತಿದ್ದೆವು. ಗುರುತಿಸಿದ್ದೆವೇ ಹೊರತು ಆ ಉಡುಗೆ ಏನು ಹೇಳುತ್ತಿದೆಯೆಂದು ಕೇಳಿದವರು ನಮ್ಮಲ್ಲಿ ಕಡಮೆ.

ಮೊದಲು ಹೆಸರಿನ ವಿಚಾರ. ಲಂಬಾಣಿ, ಲಮಾಣಿ, ಲಂಬಾಡಿ, ಬಂಜಾರ, ಸುಗಾಲಿ ಎಂದು ಒಂದೇ ಜನಕ್ಕೆ ಹಲವು ಹೆಸರು. ಲಂಬಾಣಿ ಎಂಬುದರ ಮೂಲವನ್ನು ಪಂಡಿತರು ಸಂಸ್ಕೃತದ 'ಲವಣ' ಶಬ್ದದಲ್ಲಿ ಕಾಣುತ್ತಾರೆ. ಉಪ್ಪು ಹೇರಿಕೊಂಡು ಮಾರುವವರು ಎಂದರ್ಥ. ಬಂಜಾರ ಎಂಬುದನ್ನು 'ವಾಣಿಜ್ಯ' ಶಬ್ದಕ್ಕೆ ಸಂಬಂಧಿಸುವವರುಂಟು. ಅವರಾದರೋ ತಮ್ಮನ್ನು 'ಗೋರ್' ಎಂದು ಕರೆದುಕೊಳ್ಳುತ್ತಾರೆ. ಹೊರಗಿನವರೆಲ್ಲ ಅವರ ಲೆಕ್ಕಕ್ಕೆ 'ಕೋರ್'. ಅವರ ಗೋರ್ ಬೋಲಿ ರಾಜಸ್ಥಾನದ ಭಾಷೆಗಳಿಗೆ ಹತ್ತಿರದ ನಂಟು. ಇನ್ನು 'ತಾಂಡಾ' ಎಂಬ ಶಬ್ದ. ಇಂದು ನಾವು ಅದನ್ನು ಲಂಬಾಣಿಗರ ಹಳ್ಳಿಗೆ ಹೇಳುತ್ತೇವೆ. ಮೊದಲಿನ ಅರ್ಥ ಅದಲ್ಲ. ಹೇರೆತ್ತುಗಳ ಸಮೇತ ಸಾಗುವ ವ್ಯಾಪಾರಿ ತಂಡಕ್ಕೇ ತಾಂಡಾ ಎಂದು ಹೆಸರು. ನಡೆಯುತ್ತಿದ್ದ ತಾಂಡಾ ಒಂದೆಡೆ ಕೂತಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಆ ಜನದ ಅರ್ಧ ಚರಿತ್ರೆ ಈ ಒಂದು ಶಬ್ದದಲ್ಲೇ ಅಡಗಿದೆ.

ಆ ನಡೆಯುವ ತಾಂಡಾಗಳು ಎಷ್ಟು ದೊಡ್ಡವಿದ್ದುವೆಂಬುದಕ್ಕೆ ಪರದೇಶದ ಪ್ರವಾಸಿಗಳ ಬರೆಹವೇ ಆಧಾರ. 1632ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಪ್ರಯಾಣ ಮಾಡುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷಿನವನು ದಾರಿಯಲ್ಲಿ ಒಂದು ತಾಂಡಾವನ್ನು ಕಂಡ. ಅದರಲ್ಲಿ ಧಾನ್ಯ ಹೇರಿದ ಎತ್ತುಗಳು 14,000 ಇದ್ದುವೆಂದು ಬರೆದಿಟ್ಟಿದ್ದಾನೆ. ಅದೇ ಶತಮಾನದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲು ಎದುರಾಗುತ್ತಿದ್ದುದನ್ನು ಹೇಳುತ್ತಾನೆ. ಅಂಥ ಸಾಲು ಕಿರಿದಾದ ದಾರಿಯಲ್ಲಿ ಎದುರಾದರೆ ಅದು ಹಾದುಹೋಗುವ ತನಕ ಬೇರೆಯವರು ಕಾಯುತ್ತ ನಿಲ್ಲಬೇಕಾಗಿತ್ತಂತೆ. ಧಾನ್ಯ, ಬೇಳೆ, ಉಪ್ಪು ಇವೇ ಮುಖ್ಯ ಸರಕು. ಸಮುದ್ರದ ಉಪ್ಪು ಒಳನಾಡಿಗೆ ಬಂದದ್ದು, ಒಳನಾಡಿನ ಕಾಳು ಪೇಟೆಗೆ ಹೋದದ್ದು ಈ ಎತ್ತುಗಳ ಬೆನ್ನಿನ ಮೇಲೆ. ಇಂದು ನಮ್ಮ ಊರ ಸಂತೆಗೆ ಲಾರಿ ಮಾಡುವ ಕೆಲಸವನ್ನು ಅಂದು ಇಡೀ ದೇಶಕ್ಕೆ ಈ ಜನ ಮಾಡಿದರು ಎಂದರೆ ತಪ್ಪಾಗಲಾರದು.

ಇವರು ದಕ್ಷಿಣಕ್ಕೆ ಬಂದದ್ದಾದರೂ ಏಕೆ? ಹದಿನೇಳನೆಯ ಶತಮಾನದಲ್ಲಿ ಮೊಗಲರ ದಂಡುಗಳು ದಖ್ಖನಿನತ್ತ ಇಳಿದಾಗ ಆ ದಂಡಿಗೆ ಕಾಳು ಒದಗಿಸಲು ಬಂಜಾರ ತಾಂಡಾಗಳೂ ಜೊತೆಗೆ ಇಳಿದುವು. ಆಮೇಲೆ ಯಾರ ದಂಡು ಇತ್ತೋ ಅದಕ್ಕೆ ಧಾನ್ಯ ಮಾರಿದರು. 1791-92ರಲ್ಲಿ ಕಾರ್ನ್‌ವಾಲಿಸನು ಟಿಪ್ಪೂ ಸುಲ್ತಾನನ ಮೇಲೆ ಯುದ್ಧ ಹೂಡಿ ಶ್ರೀರಂಗಪಟ್ಟಣದತ್ತ ನಡೆದಾಗಲೂ, 1799ರ ಕಡೆಯ ಯುದ್ಧದಲ್ಲೂ, 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಸಾಗಿದಾಗಲೂ ಸೈನ್ಯದ ಹೊಟ್ಟೆ ಹೊರೆದದ್ದು ಬಹುಮಟ್ಟಿಗೆ ಇವರ ಎತ್ತುಗಳೇ. ತೋಪು ಹೊಡೆದವರ ಹೆಸರು ಪಾಠಪುಸ್ತಕದಲ್ಲಿದೆ. ಅವರಿಗೆ ಅಕ್ಕಿ ತಂದುಕೊಟ್ಟವರ ಹೆಸರಿಗೆ ಅಲ್ಲಿ ಜಾಗವಿಲ್ಲ.

ಈಗ ಉಡುಗೆಯ ವಿಚಾರಕ್ಕೆ ಬರೋಣ. ಮೇಲೆ ಹೇಳಿದ ಬಾಳುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಆ ಉಡುಗೆಯ ಒಂದೊಂದು ಅಂಗವೂ ತನ್ನ ಕಾರಣವನ್ನು ತಾನೇ ಹೇಳತೊಡಗುತ್ತದೆ.

ಹೆಂಗಸಿನ ಉಡುಗೆಗೆ ಮೂರು ಅಂಗ. ಸೊಂಟದಿಂದ ಹಿಮ್ಮಡಿಯವರೆಗೆ ಇಳಿಯುವ ಅಗಲ ಘೇರಿನ ಲಂಗ; ಅದು 'ಫೇಟಿಯಾ'. ಎದೆಯನ್ನು ಮುಚ್ಚಿ, ಬೆನ್ನನ್ನು ತೆರೆದಿಟ್ಟು, ಹಿಂದಕ್ಕೆ ಲಾಡಿಯಿಂದ ಬಿಗಿಯುವ ಕುಪ್ಪಸ, ಅದು 'ಕಾಂಚಳಿ'. ತಲೆಯ ಮೇಲಿಂದ ಬೆನ್ನಿಗೆ ಇಳಿಬಿಡುವ ಮೇಲುವಸ್ತ್ರ, ಅದು 'ಛಾಂಟಿಯಾ'. ಛಾಂಟಿಯಾದ ಅಂಚಿಗೆ, ಹಣೆಯ ಮೇಲೆ ಬರುವ ಕಡೆ, ಕಸೂತಿ ತುಂಬಿದ ದಪ್ಪನೆಯ ಪಟ್ಟಿಯನ್ನು ಹೊಲಿದಿರುತ್ತಾರೆ.

ಸೀರೆಗೆ ನೇಕಾರ ಬೇಕು, ಮಗ್ಗ ಬೇಕು, ಒಂದೇ ಉದ್ದನೆಯ ವಸ್ತ್ರ ಬೇಕು. ಹರಿದರೆ ಇಡೀ ಸೀರೆಯ ಅಂದ ಕೆಟ್ಟಿತು. ಫೇಟಿಯಾದ ರೀತಿಯೇ ಬೇರೆ. ದಾರಿಯಲ್ಲಿ ಸಿಕ್ಕ ತುಂಡುಬಟ್ಟೆಗಳನ್ನು ಕೂಡಿಸಿ ಹೊಲಿದರೆ ಫೇಟಿಯಾ ಆಯಿತು. ಹರಿದಲ್ಲಿ ಇನ್ನೊಂದು ತುಂಡು ಹಚ್ಚಿದರೆ ಅದೂ ಒಂದು ಚಿತ್ತಾರವೇ. ದಿನಕ್ಕೆ ಹಲವು ಹರದಾರಿ ಎತ್ತಿನ ಜೊತೆ ನಡೆಯುವವಳ ಹೆಜ್ಜೆಗೆ ಅಗಲವಾದ ಘೇರು ಅಡ್ಡಿಯಾಗದು. ಬಿಸಿಲಿನಲ್ಲಿ ಬೆನ್ನಿಗೆ ಗಾಳಿ ಬೇಕು; ಬಿಸಿಲು ನೇರವಾಗಿ ಬೀಳದಂತೆ ಮೇಲೊಂದು ಹೊದಿಕೆಯೂ ಬೇಕು. ಬೆನ್ನಿಲ್ಲದ ಕಾಂಚಳಿ, ಬೆನ್ನಿನ ಮೇಲೆ ಇಳಿಯುವ ಛಾಂಟಿಯಾ ಇವೆರಡೂ ಕೂಡಿ ಆ ಕೆಲಸ ಮಾಡಿದುವು. ಬಣ್ಣ ಹೆಚ್ಚಾಗಿ ಕೆಂಪು ಮತ್ತು ಕಡುನೀಲಿ. ದಾರಿಯ ಧೂಳು ಅದರಲ್ಲಿ ಎದ್ದುಕಾಣದು. ಬೇರಿನ ಕೆಂಪು, ನೀಲಿಗಿಡದ ನೀಲಿ ಇವೆರಡೂ ನಮ್ಮ ದೇಶದಲ್ಲಿ ಸುಲಭವಾಗಿ ದೊರೆಯುತ್ತಿದ್ದ ಗಟ್ಟಿ ಬಣ್ಣಗಳು.

ಶಬ್ದಗಳ ಕಡೆಗೂ ಒಮ್ಮೆ ಗಮನ ಕೊಡಿ. ಕಾಂಚಳಿ ಎಂಬುದು ಸಂಸ್ಕೃತದ ಕಂಚುಕ, ಕಂಚುಲಿಕಾ ಶಬ್ದಗಳ ಕುಲಕ್ಕೆ ಸೇರಿದ್ದು. ನಾವು ದಿನವೂ ಆಡುವ ಕುಪ್ಪಸವೂ 'ಕೂರ್ಪಾಸ'ದ ತದ್ಭವವೇ. ಅವರ ಕೆನ್ನೆಯ ಮೇಲೆ ತೂಗುವ ಬೆಳ್ಳಿಯ ಆಭರಣಕ್ಕೆ 'ಘೂಗ್ರಿ' ಎನ್ನುತ್ತಾರೆ. ಸಂಸ್ಕೃತದ 'ಘರ್ಘರ'ದ ಮಗಳು ಅದು. ನಮ್ಮ ಕನ್ನಡದ 'ಗಗ್ಗರ' ಅದೇ ತಾಯಿಯ ಇನ್ನೊಬ್ಬ ಮಗಳು. ತೋಳಿನ ತುಂಬ ತೊಡುವ 'ಬಲಿಯಾ' ಎಂಬ ಬಳೆಗೆ 'ವಲಯ' ಶಬ್ದದ ಸಂಬಂಧ. ಆದ್ದರಿಂದ ಬೇರೆ ಯಾವುದೋ ಲೋಕದ ಉಡುಗೆಯೆಂದು ನಾವು ದೂರದಿಂದ ಬೆರಗಾಗಿ ನೋಡಿದ್ದು ನಮ್ಮ ನಿಘಂಟಿನಲ್ಲೇ ನೆಂಟಸ್ತಿಕೆ ಉಳ್ಳದ್ದು.

ಇನ್ನು ಸೂಜಿಯ ಕೆಲಸ. ಪಟ್ಟಣದ ಮನೆಗಳಲ್ಲಿ ಧಾರವಾಡದ ಕಡೆಯ ಕಸೂತಿಯನ್ನು ಬಲ್ಲವರು ಬಹಳ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ಅದಕ್ಕೆ ನಾಲ್ಕು ಹೊಲಿಗೆ. ಬಟ್ಟೆಯ ಎಳೆ ಎಣಿಸಿ, ಗಂಟು ಕಾಣದಂತೆ ತೆಗೆಯುವ ನಾಜೂಕಿನ ಕೆಲಸ. ತೇರು, ಗೋಪುರ, ಆನೆಯ ಚಿತ್ರ. ಲಂಬಾಣಿ ಕಸೂತಿಯ ಧರ್ಮ ಬೇರೆ. ಅಲ್ಲಿ ಗೋಪುರವಿಲ್ಲ, ಚೌಕ, ತ್ರಿಕೋಣ, ಅಡ್ಡಗೆರೆ, ಓರೆಗೆರೆಗಳೇ ಹೆಚ್ಚು. ದಾರ ದಪ್ಪ, ಹೊಲಿಗೆ ಒತ್ತು. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಎಣಿಸುತ್ತಾರೆ. ಕಿಲಾನ್, ವೇಲೆ, ಬಕ್ಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾಂಸ್, ತೇರಾ ದೋರಾ, ಕೌದಿ, ರೇಲೋ, ಗಾದ್ರಿ, ಭೂರಿಯಾ, ಪೋಟೆ, ಜೋಲ್ಯಾ, ನಾಕ್ರಾ ಎಂದು ಅವುಗಳ ಹೆಸರು. ಇವುಗಳಲ್ಲಿ 'ಕೌದಿ' ನಮ್ಮ ಮನೆಮನೆಯಲ್ಲೂ ಹೊದ್ದು ಮಲಗುವ ಕೌದಿಯೇ. ತುಂಡುಬಟ್ಟೆಗಳನ್ನು ಪದರ ಪದರವಾಗಿಟ್ಟು ಹೊಲಿಗೆ ಹಾಕಿ ಬಲಪಡಿಸುವ ಉಪಾಯವದು. ಸಾವಿರ ಮೈಲಿ ನಡೆಯುವವರ ಬಟ್ಟೆ ಗಟ್ಟಿಯಾಗಿರಬೇಕು. ಮೊದಲು ಗಟ್ಟಿತನಕ್ಕಾಗಿ ಹಾಕಿದ ಹೊಲಿಗೆ, ಕೈ ಪಳಗಿದಂತೆ ಅಲಂಕಾರವಾಯಿತು ಎಂದು ಊಹಿಸಿದರೆ ತಪ್ಪಿಲ್ಲ.

ಈ ಹೊಲಿಗೆಗಳನ್ನು ಕಲಿಸಲು ಶಾಲೆಯಿರಲಿಲ್ಲ, ನಮೂನೆಯ ಪುಸ್ತಕವಿರಲಿಲ್ಲ. ಯಾಡಿ, ಎಂದರೆ ತಾಯಿ, ಬೇವಿನ ನೆರಳಿಗೆ ಕೂತು ಹೊಲಿಯುತ್ತಿದ್ದರೆ ಮಗಳು ಪಕ್ಕದಲ್ಲಿ ಕೂತು ಒಂದು ತುಂಡಿನ ಮೇಲೆ ಕೈ ಕೂಡಿಸುತ್ತಿದ್ದಳು. ಮದುವೆಗೆ ಮುಂಚೆ ತನ್ನ ಉಡುಗೆಯನ್ನೂ ಚೀಲಗಳನ್ನೂ ತಾನೇ ಹೊಲಿದು ಸಿದ್ಧಮಾಡಿಕೊಳ್ಳುವುದು ವಾಡಿಕೆ. ನೀರಿನ ಕೊಡ ಹೊರಲು ತಲೆಯ ಮೇಲಿಡುವ ಸಿಂಬೆಗೂ, ಅದರ ಹಿಂದೆ ಬೆನ್ನಿಗೆ ಇಳಿಯುವ ಕಸೂತಿ ಪಟ್ಟಿಗೂ ಕವಡೆ ಕಟ್ಟುತ್ತಿದ್ದರು. ತಾಂಡಾದ ಮುಂದಾಳು ಎತ್ತಿನ ಕೊಂಬಿಗೂ ಹಣೆಗೂ ಅದೇ ಕಸೂತಿ, ಅದೇ ಕವಡೆ. ಗಂಡನ ತಾಂಡಾಕ್ಕೆ ಹೊರಡುವ ಮದುಮಗಳು ಸಿಂಗರಿಸಿದ ಎತ್ತಿನ ಬೆನ್ನ ಮೇಲೆ ನಿಂತು ತವರಿಗೆ ವಿದಾಯದ ಹಾಡು ಹೇಳುತ್ತಿದ್ದಳು. ಅದನ್ನು 'ಹವೇಲಿ' ಎನ್ನುತ್ತಾರೆ. ಹೆಣ್ಣಿಗೂ ಎತ್ತಿಗೂ ಒಂದೇ ಬಗೆಯ ಸಿಂಗಾರ ಮಾಡಿದರೆಂದು ನಗುವವರಿದ್ದಾರೆ. ನಗಬೇಕಾದ್ದೇನೂ ಇಲ್ಲ. ಆ ಎತ್ತು ಅವರ ಮನೆ, ಅವರ ಬಂಡವಾಳ, ಅವರ ಹೊಲ.

ಆಭರಣಗಳಲ್ಲಿ ಅವಳ ಬಾಳಿನ ಸ್ಥಿತಿಯನ್ನು ಓದಬಹುದಾಗಿತ್ತು. ಎರಡು ಕೆನ್ನೆಗೂ ಇಳಿಬೀಳುವಂತೆ ಕೂದಲಿಗೆ ಕಟ್ಟುವ ಘೂಗ್ರಿ ಮತ್ತು ಟೋಪ್ಲಿ ಮದುವೆಯಾದವಳ ಗುರುತು. ಮೊಳಕೈಯ ಮೇಲೂ ಕೆಳಗೂ ತುಂಬುವ ಬಲಿಯಾವೂ ಮುತ್ತೈದೆಯ ಲಕ್ಷಣವೇ. ಗಂಡ ತೀರಿದ ಮೇಲೆ ಅದನ್ನು ತೆಗೆಯುತ್ತಿದ್ದರು. ಮೂಗಿಗೆ ಭೂರಿಯಾ, ಕೊರಳಿಗೆ ಬೆಳ್ಳಿಯ ಕಟ್ಟಾಣಿಯಂಥ ಹಾಂಸ್ಲೊ, ಕಾಲಿಗೆ ಭಾರವಾದ ಕಡಗ. ಬಲಿಯಾಗಳು ಮೊದಲು ದಂತದವೋ ಎಲುಬಿನವೋ ಆಗಿದ್ದುವು. ವನ್ಯಜೀವಿಗಳ ರಕ್ಷಣೆಯ ಕಾಯಿದೆ 1972ರಲ್ಲಿ ಬಂತು. ದಂತದ ವ್ಯಾಪಾರ ಮುಂದೆ ನಿಂತಿತು. ಈಗ ಕಾಣುವುದು ಪ್ಲಾಸ್ಟಿಕ್ಕಿನ ಬಳೆ.

ಕವಡೆ ಮತ್ತು ನಾಣ್ಯಗಳ ಮಾತನ್ನು ಬೇರೆಯಾಗಿಯೇ ಹೇಳಬೇಕು. ಬಳ್ಳಾರಿ ಸೀಮೆಯ ಕಲ್ಲುಭೂಮಿಯಲ್ಲಿ ಸಮುದ್ರದ ಕವಡೆ ಎಲ್ಲಿಂದ ಬಂತು? ಕವಡೆಯ ದೊಡ್ಡ ನೆಲೆ ಮಾಲ್ಡೀವ್ಸ್ ದ್ವೀಪಗಳು. ಬಂಗಾಳ, ಒಡಿಶಾಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಆದಿಭಾಗದವರೆಗೂ ಕವಡೆಯೇ ಚಿಲ್ಲರೆ ಹಣ. ನಮ್ಮ 'ಕವಡೆ ಕಾಸಿನ ಬೆಲೆಯಿಲ್ಲ' ಎಂಬ ಮಾತಿನಲ್ಲಿ ಆ ಕಾಲದ ನೆನಪು ಇನ್ನೂ ಇದೆ. ಬಟ್ಟೆಯ ಅಂಚಿಗೆ ಕವಡೆ ಹೊಲಿದವಳು ಅಲಂಕಾರವನ್ನಷ್ಟೇ ಹೊಲಿಯಲಿಲ್ಲ, ಹಣವನ್ನೂ ಹೊಲಿದಳು.

ಆಮೇಲೆ ಕವಡೆಯ ಜೊತೆಗೆ ಬೆಳ್ಳಿಯ ರೂಪಾಯಿ ಬಂತು. ಮನೆಯಿಲ್ಲದವರಿಗೆ ಪೆಟ್ಟಿಗೆ ಎಲ್ಲಿ, ಬ್ಯಾಂಕು ಎಲ್ಲಿ? ಉಳಿಸಿದ ಹಣ ಹೆಂಗಸಿನ ಮೈಮೇಲೆ ಇದ್ದರೇ ಭದ್ರ. ಹಳೆಯ ಉಡುಪೊಂದು ನಿಮ್ಮ ಕೈಗೆ ಬಂದರೆ ಅದರ ನಾಣ್ಯಗಳನ್ನು ಸಾಲಾಗಿ ಓದಿ ನೋಡಿ. ವಿಕ್ಟೋರಿಯಾ ರಾಣಿಯ ಮುಖದ ರೂಪಾಯಿ ಒಂದು ತೊಲ ತೂಕ. ನೂರಕ್ಕೆ ತೊಂಬತ್ತೆರಡು ಪಾಲಿನಷ್ಟು ಬೆಳ್ಳಿ. 1940ರಲ್ಲಿ ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. 1947ರ ಹೊತ್ತಿಗೆ ರೂಪಾಯಿ ನಿಕ್ಕಲಿನದಾಯಿತು. ಮಹಾಯುದ್ಧದ ಕಾಲದಲ್ಲಿ, 1943ರಿಂದ 1947ರವರೆಗೆ, ನಡುವೆ ತೂತಿದ್ದ ತಾಮ್ರದ ಕಾಸು ಚಲಾವಣೆಯಲ್ಲಿತ್ತು. ಬಟ್ಟೆಗೆ ಹೊಲಿಯಲು ಹೇಳಿ ಮಾಡಿಸಿದಂತಿತ್ತು ಅದು. 1957ರಿಂದ ನಯೇ ಪೈಸೆ ಬಂತು. ಬೆಳ್ಳಿಯ ರೂಪಾಯಿ ಅಕ್ಕಸಾಲೆಯ ಮೂಸೆಗೋ ಸಾಹುಕಾರನ ಗಲ್ಲಾಕ್ಕೋ ಹೋಯಿತು. ಅದರ ಜಾಗದಲ್ಲಿ ಹಗುರವಾದ ಬಿಲ್ಲೆ ಕೂತಿತು. ಒಂದು ಮನೆತನದ ಏಳುಬೀಳನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಕಡತ ಹೇಳೀತು?

ಆ ಬೀಳು ಬಂದದ್ದು ಹೇಗೆ? 1853ರಲ್ಲಿ ನಮ್ಮ ದೇಶಕ್ಕೆ ರೈಲು ಬಂತು. 1871ರಲ್ಲಿ ಮುಂಬಯಿಯಿಂದ ಬಂದ ದಾರಿಯೂ ಮದರಾಸಿನಿಂದ ಬಂದ ದಾರಿಯೂ ರಾಯಚೂರಿನಲ್ಲಿ ಕೂಡಿದುವು. ಹದಿನಾಲ್ಕು ಸಾವಿರ ಎತ್ತು ತಿಂಗಳುಗಟ್ಟಲೆ ಹೊರುತ್ತಿದ್ದುದನ್ನು ಉಗಿಬಂಡಿ ದಿನಗಳಲ್ಲಿ ಮುಟ್ಟಿಸತೊಡಗಿತು. ಅದೇ 1871ರಲ್ಲಿ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿತು. ಎರಡೂ ಒಂದೇ ವರ್ಷ ಆದದ್ದು ಕಾಕತಾಳೀಯವಿರಬಹುದು. ಫಲ ಮಾತ್ರ ಕೂಡಿಯೇ ಬಂತು. ದುಡಿಮೆ ಹೋದವರು ಅಲೆದರು. ಅಲೆದವರನ್ನು ಕಾಯಿದೆ ಸಂಶಯದಿಂದ ನೋಡಿತು. 1911ರ ಹೊಸ ಕಾಯಿದೆಯಿಂದ ಅದರ ಕೈ ಮದರಾಸು ಪ್ರಾಂತಕ್ಕೂ ಚಾಚಿತು. ನಮ್ಮ ಈ ತಾಲೂಕುಗಳು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ಇದ್ದದ್ದು ಆ ಪ್ರಾಂತದಲ್ಲೇ. ಲಂಬಾಣಿಗರ ಕೆಲವು ಗುಂಪುಗಳ ಹೆಸರೂ ಆ ಪಟ್ಟಿಗಳಲ್ಲಿ ಸೇರಿತು. ಒಂದು ಕಾಲಕ್ಕೆ ದಂಡಿಗೆ ಅನ್ನ ಕೊಟ್ಟವರು ಇನ್ನೊಂದು ಕಾಲಕ್ಕೆ ಠಾಣೆಯಲ್ಲಿ ಹಾಜರಿ ಕೊಡಬೇಕಾಯಿತು. ಸ್ವತಂತ್ರ ಭಾರತ 1952ರಲ್ಲಿ ಆ ಕಾಯಿದೆಯನ್ನು ರದ್ದುಮಾಡಿತು.

ಇಂಥ ಹೊತ್ತಿನಲ್ಲಿ ಉಡುಗೆ ಎರಡು ಅಲಗಿನ ಕತ್ತಿಯಾಯಿತು. ಅದು ಅವರನ್ನು ಒಂದಾಗಿ ಹಿಡಿದಿಟ್ಟಿತು. ನೂರು ಜನರ ನಡುವೆ ಅವರನ್ನು ಸಂಶಯದ ಕಣ್ಣಿಗೆ ತೋರಿಸಿಯೂ ಕೊಟ್ಟಿತು. ಗಂಡಸರು ಧೋತರ, ಅಂಗಿ, ರುಮಾಲಿನಲ್ಲಿ ಊರವರೊಡನೆ ಬೇಗ ಬೆರೆತುಹೋದರು. ಸಂತೆಯ ವ್ಯವಹಾರ ಅವರ ಕೈಯಲ್ಲಿತ್ತಾದ್ದರಿಂದ ಅದು ಸಹಜ. ಹೆಂಗಸರು ಮಾತ್ರ ತಮ್ಮ ಉಡುಗೆಯನ್ನು ಬಿಡಲಿಲ್ಲ. ಬೇಸಾಯಕ್ಕೆ ಕೂತರೂ, ಸೌದೆ ಹೊತ್ತು ಮಾರಿದರೂ, ಕಲ್ಲು ಒಡೆದರೂ ಅದೇ ಫೇಟಿಯಾ, ಅದೇ ಕಾಂಚಳಿ. 1909ರಲ್ಲಿ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದ ಎಡ್ಗರ್ ಥರ್ಸ್ಟನ್ ಲಂಬಾಡಿ ಹೆಂಗಸರ ಉಡುಗೆ ತೊಡುಗೆಗಳನ್ನು ವರ್ಣಿಸಿದ್ದಾನೆ. ಎತ್ತಿನ ವ್ಯಾಪಾರ ಮುಗಿದ ಮೇಲೂ ಆ ವ್ಯಾಪಾರದ ಕಾಲದ ಉಡುಗೆ ಬಾಳಿಕೊಂಡೇ ಬಂದಿತ್ತು.

ಉಡುಗೆಯೊಂದು ಹೀಗೆ ಒಂದು ಜನದ ಗುರುತಾಗಿ ನಿಲ್ಲುವುದು ನಮ್ಮಲ್ಲಿ ಮಾತ್ರವಲ್ಲ. ದೂರದ ಪೋಲೆಂಡ್ ದೇಶದ ಕಡೆಗೆ ಸ್ವಲ್ಪ ನೋಡೋಣ. ನೆರೆಯ ಮೂರು ರಾಜ್ಯಗಳು ಆ ದೇಶವನ್ನು ಹಂಚಿಕೊಂಡು ನುಂಗಿದ ಕಾರಣ 1795ರಿಂದ 1918ರವರೆಗೆ ಭೂಪಟದಲ್ಲಿ ಪೋಲೆಂಡೇ ಇರಲಿಲ್ಲ. ಅದಕ್ಕೆ ತುಸು ಮುಂಚೆ, 1794ರಲ್ಲಿ, ಸ್ವಾತಂತ್ರ್ಯಕ್ಕಾಗಿ ಎದ್ದ ಕೊಶ್ಚುಷ್ಕೊ ಎಂಬ ಸೇನಾನಿ ರಾಟ್ಸ್‌ಲಾವಿಟ್ಸೆ ಕಾಳಗದಲ್ಲಿ ರೈತರ ಶೌರ್ಯವನ್ನು ಕಂಡು, ಅವರ ಗೌರವಾರ್ಥವಾಗಿ ಕ್ರಾಕೋವ್ ಸೀಮೆಯ ರೈತರ ನಿಲುವಂಗಿಯನ್ನೇ ತೊಟ್ಟನು. ಅಂದಿನಿಂದ ಆ ರೈತರ ಉಡುಗೆ ಇಡೀ ದೇಶದ ಹೆಮ್ಮೆಯಾಯಿತು. ರಾಜ್ಯವಿಲ್ಲದ ಆ ದೀರ್ಘಕಾಲದಲ್ಲೇ ಆಸ್ಕರ್ ಕೋಲ್ಬೆರ್ಗ್ ಎಂಬ ವಿದ್ವಾಂಸ ಸೀಮೆ ಸೀಮೆಯ ಹಾಡು, ಆಚಾರ, ಉಡುಗೆಗಳನ್ನು ಸಂಗ್ರಹಿಸುತ್ತ ಬಾಳನ್ನೇ ಸವೆಸಿದ. ಇಂದು ಲೋವಿಚ್ ಎಂಬ ಊರಿನಲ್ಲಿ ಹೆಂಗಸರು ಪಟ್ಟೆಪಟ್ಟೆಯ ಉಣ್ಣೆಯ ಲಂಗವನ್ನು ದಿನನಿತ್ಯ ಉಡುವುದಿಲ್ಲ. ಆದರೆ ವರ್ಷಕ್ಕೊಮ್ಮೆ ದೇವರ ಮೆರವಣಿಗೆಯ ದಿನ ಉಟ್ಟು ಹೊರಡುತ್ತಾರೆ. ಯಾವ ಪಟ್ಟೆ ಯಾವ ಕಾಲದ್ದೆಂದು ಹೇಳುವ ಪುಸ್ತಕ ಅಲ್ಲಿದೆ, ವಸ್ತುಸಂಗ್ರಹಾಲಯವಿದೆ. ಉಡುವುದು ನಿಂತರೂ ತಿಳಿವಳಿಕೆ ನಿಲ್ಲಲಿಲ್ಲ.

ನಮ್ಮಲ್ಲಿ ಇದರ ಗತಿ ಏನು? ಕಳೆದ ಎರಡು ಮೂರು ತಲೆಮಾರುಗಳಲ್ಲಿ ತಾಂಡಾದ ಹೆಣ್ಣುಮಕ್ಕಳು ಸೀರೆಗೂ ಚೂಡಿದಾರಕ್ಕೂ ಬಂದಿದ್ದಾರೆ. ಫೇಟಿಯಾ ಉಟ್ಟವರು ಇಂದು ಬಹುಮಟ್ಟಿಗೆ ಅಜ್ಜಿಯರು. ಕಾರಣಗಳನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಭಾಗದ ತಾಂಡಾಗಳ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟಾಗ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತವೆ. ಅಲ್ಲಿ ಸೇರುಗಟ್ಟಲೆ ತೂಗುವ ಉಡುಗೆ ಉಟ್ಟು ದುಡಿಯಲಾದೀತೆ? ಒಂದು ಉಡುಪು ಹೊಲಿಯಲು ತಿಂಗಳುಗಳು ಬೇಕು. ಕೂಲಿಯವಳಿಗೆ ಆ ಬಿಡುವೆಲ್ಲಿ? ಇವೆರಡರ ಮೇಲೆ ಮೂರನೆಯದೊಂದು ಇದೆ; ಅದು ನಮ್ಮ ನಗು. ನಾನು ಪಾಠ ಹೇಳಿದ ಶಾಲೆಯೊಂದರಲ್ಲಿ ತಾಂಡಾದ ಹುಡುಗಿಯೊಬ್ಬಳ ಅಜ್ಜಿ ಮೊಮ್ಮಗಳನ್ನು ನೋಡಲು ತನ್ನ ಉಡುಗೆಯಲ್ಲೇ ಬಂದಾಗ ತರಗತಿಯ ಕಿಟಕಿಗಳ ತುಂಬ ನಗುಮುಖಗಳು ಕಂಡುವು. ಆ ಹುಡುಗಿ ಮಾರನೆಯ ದಿನ ಶಾಲೆಗೆ ಬರಲಿಲ್ಲ. ಹೀಗೆ ನಕ್ಕವರ ಮನೆಗಳಲ್ಲೇ ಈಗ ಲಂಬಾಣಿ ಕಸೂತಿಯ ದಿಂಬಿನ ಚೀಲ, ಕೈಚೀಲಗಳು ಬೈಠಕ್‌ಖಾನೆಯ ಅಲಂಕಾರವಾಗಿವೆ.

ಅವರು ಅದನ್ನೇ ಉಟ್ಟುಕೊಂಡಿರಲಿ ಎಂದು ಹೇಳುವ ಹಕ್ಕು ನಮಗಿಲ್ಲ. ನಾವು ನಮ್ಮ ಅಜ್ಜಂದಿರ ಉಡುಗೆ ಬಿಟ್ಟಿಲ್ಲವೆ? ಬಿಡುವುದೂ ಉಡುವುದೂ ಆ ತಾಯಂದಿರ ಇಚ್ಛೆ. ಚಿಂತೆ ಇರುವುದು ಬೇರೆ ಕಡೆ. ಹಳೆಯ ಕಾಂಚಳಿ, ಫೇಟಿಯಾಗಳನ್ನು ತಾಂಡಾ ತಾಂಡಾ ಸುತ್ತಿ ಅಗ್ಗದ ಬೆಲೆಗೆ ಕೊಳ್ಳುವ ವ್ಯಾಪಾರಿಗಳಿದ್ದಾರೆ. ಅವು ತುಂಡು ತುಂಡಾಗಿ ಚೀಲದ ಮೇಲೆ, ಗೋಡೆಯ ತೂಗುಬಟ್ಟೆಯ ಮೇಲೆ ಕೂರುತ್ತವೆ. ಹೆಗಲ ಮೇಲಿರಬೇಕಾದ ಪಟ್ಟಿ ಯಾವುದು, ಸೊಂಟದ ಪಟ್ಟಿ ಯಾವುದು, ಮದುಮಗಳದ್ದು ಯಾವುದು ಎಂಬುದು ಕತ್ತರಿ ಬಿದ್ದ ಕ್ಷಣವೇ ಅಳಿಸಿಹೋಗುತ್ತದೆ. ಶಾಸನದ ಕಲ್ಲನ್ನು ಒಡೆದು ಮನೆಯ ಮೆಟ್ಟಿಲಿಗೆ ಹಾಕಿದವರನ್ನು ನಾವು ಬೈಯುತ್ತೇವೆ. ಇದೂ ಅಂಥದೇ ಕೆಲಸ.

ಭರವಸೆಗೂ ಕಾರಣಗಳುಂಟು. ಸಂಡೂರಿನ ಕುಶಲ ಕಲಾ ಕೇಂದ್ರ ಹಲವು ದಶಕಗಳಿಂದ ಲಂಬಾಣಿ ಹೆಂಗಸರ ಕೈಗೆ ಕೆಲಸ ಕೊಟ್ಟು, ಅವರ ಹೊಲಿಗೆಗೆ ಮಾರುಕಟ್ಟೆ ಒದಗಿಸುತ್ತ ಬಂದಿದೆ. 'ಸಂಡೂರು ಲಂಬಾಣಿ ಕಸೂತಿ'ಗೆ 2010-11ನೆಯ ಸಾಲಿನಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ವಿಭಾಗದ ಸಭೆ ನಡೆದಾಗ, ಆ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ಕಸೂತಿ ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಹೆಮ್ಮೆಪಡಬೇಕಾದ ಸಂಗತಿಯೇ ಸರಿ. ಹೊಲಿಗೆಗೆ ಬೆಲೆ ಬಂತೆಂದರೆ ಮಗಳು ತಾಯಿಯಿಂದ ಕಲಿಯುತ್ತಾಳೆ. ಇಷ್ಟಾದರೂ ಒಂದು ಮಾತನ್ನು ಮರೆಯಬಾರದು. ಉಳಿಯುತ್ತಿರುವುದು ಹೊಲಿಗೆ, ಉಡುಗೆಯ ಅರ್ಥ ಇನ್ನೂ ಅಜ್ಜಿಯರ ನೆನಪಿನಲ್ಲೇ ಇದೆ, ಆ ನೆನಪಿಗೆ ವಯಸ್ಸಾಗುತ್ತಿದೆ.

ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪ ಇಲ್ಲಿಂದ ಬಹಳ ದೂರವೇನಲ್ಲ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದ್ದು ಅಲ್ಲಿ ಎಂಬುದು ಲಂಬಾಣಿಗರ ನಂಬಿಕೆ. ಆ ಜಯಂತಿಯ ದಿನಗಳಲ್ಲಿ ಪೆಟ್ಟಿಗೆಯ ತಳದಲ್ಲಿದ್ದ ಫೇಟಿಯಾಗಳು ಹೊರಬರುತ್ತವೆ; ಚೂಡಿದಾರದ ಹುಡುಗಿಯರೂ ಅಜ್ಜಿಯ ಕಾಂಚಳಿ ತೊಟ್ಟು ಕುಣಿಯುತ್ತಾರೆ. ಲೋವಿಚ್ ಊರಿನ ಹೆಂಗಸರು ಮಾಡುವುದನ್ನೇ ನಮ್ಮ ತಾಂಡಾದವರೂ ತಮ್ಮ ಪಾಡಿಗೆ ತಾವೇ ಕಂಡುಕೊಂಡಿದ್ದಾರೆ. ಅವರಿಗೆ ಇನ್ನೂ ಒದಗದಿರುವುದು ಕೋಲ್ಬೆರ್ಗನಂಥ ಕೆಲಸ. ಅದಕ್ಕೆ ದೊಡ್ಡ ವಿದ್ವಾಂಸರೇ ಬೇಕೆಂದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಮಗೆ ಹತ್ತಿರದಲ್ಲೇ ಇದೆ. ಪ್ರತಿ ತಾಂಡಾದ ಮಗ್ಗುಲಲ್ಲೂ ಒಂದು ಶಾಲೆಯಿದೆ. ತಾಂಡಾದ ಹುಡುಗ ಹುಡುಗಿಯರೇ ತಮ್ಮ ಅಜ್ಜಿಯ ಮುಂದೆ ಕೂತು, ಯಾವ ತುಂಡಿಗೆ ಏನು ಹೆಸರು, ಯಾರು ಹೊಲಿದದ್ದು, ಯಾವ ಮದುವೆಯಲ್ಲಿ ಉಟ್ಟದ್ದು, ಯಾವ ಬರದಲ್ಲಿ ಅದರ ಬೆಳ್ಳಿ ಬಿಚ್ಚಿದ್ದು ಎಂದು ಕೇಳಿ ಒಂದು ನೋಟುಬುಕ್ಕಿನಲ್ಲಿ ಬರೆದರೆ ಸಾಕು. ಗೋರ್ ಬೋಲಿಗೆ ಲಿಪಿಯಿಲ್ಲದಿದ್ದರೇನು? ಕನ್ನಡದ ಅಕ್ಷರಗಳು ಆ ಮಾತನ್ನು ಹೊರಲಾರವೆ? ಮಾತನ್ನು ಬರೆದಿಡಲು ಅಕ್ಷರ ಸಾಲದಿದ್ದರೆ ಇಂದು ಮನೆಮನೆಯಲ್ಲೂ ಇರುವ ಮೊಬೈಲಿನಲ್ಲಿ ಧ್ವನಿಯನ್ನೇ ಹಿಡಿದಿಡಬಹುದು.

ಪಟ್ಟಣದ ವಾಚಕರಾದ ತಮ್ಮ ಪಾಲಿನ ಕೆಲಸವೂ ಒಂದಿದೆ; ಅದು ಕಷ್ಟದ್ದೇನಲ್ಲ. ಲಂಬಾಣಿ ಕಸೂತಿಯ ವಸ್ತು ಕೊಳ್ಳುವಾಗ, ಇದು ಹೊಸದಾಗಿ ಹೊಲಿದದ್ದೋ ಹಳೆಯ ಉಡುಗೆಯನ್ನು ಕತ್ತರಿಸಿದ್ದೋ ಎಂದು ಒಂದು ಮಾತು ಕೇಳಿ. ಹೊಸದಾದರೆ ಹೊಲಿದ ಕೈಗೆ ನ್ಯಾಯವಾದ ಬೆಲೆ ಕೊಡಿ; ಕತ್ತರಿಸಿದ್ದಾದರೆ ಬೇಡವೆನ್ನಿ. ಬಸ್ಸಿನಲ್ಲಿ ಎದುರಿಗೆ ಫೇಟಿಯಾ ಉಟ್ಟ ಅಜ್ಜಿ ಕೂತರೆ ನಿಮ್ಮ ಮಕ್ಕಳಿಗೆ ಮೆಲ್ಲಗೆ ಹೇಳಿ: ಈ ಅಜ್ಜಿಯ ಹಿರಿಯರು ಹದಿನಾಲ್ಕು ಸಾವಿರ ಎತ್ತುಗಳ ಜೊತೆ ನಡೆದು ನಮ್ಮ ಹಿರಿಯರಿಗೆ ಉಪ್ಪು ತಂದುಕೊಟ್ಟವರು ಎಂದು. ಉಪ್ಪುಂಡವರ ಋಣವನ್ನು ನಮ್ಮ ಜನ ದೊಡ್ಡದೆಂದು ಎಣಿಸುತ್ತ ಬಂದಿದ್ದಾರೆ.